ಪೊರ್ಬುಗಳಿಗಾಗಿ ಎಳೆದ ಚುರುಟು

ಇದು ನಡೆದದ್ದು ಎರಡು ವರ್ಷದ ಹಿಂದೆ, ಕ್ರಿಶ್ಚಿಯನ್ನರ ತೆನೆಹಬ್ಬವಾದ ಮೊಂತಿ ಹಬ್ಬ ಕಳೆದ ಮರುವಾರ. ಆಗ ನನಗೆ ಐವತ್ತೊಂದು ವರ್ಷ. ಮದುವೆಯಾದ ಮಗಳಿದ್ದಾಳೆ, ಮೊಮ್ಮಗ ಬಾಲವಾಡಿಗೆ ಹೋಗುತ್ತಾನೆ. ಆ ವಯಸ್ಸಿನಲ್ಲಿ ನಾನು ಮಂಗಳೂರಿನ ಬಿಜೈಯ ಒಂದು ಫ್ಲ್ಯಾಟಿನ ಬಾಲ್ಕನಿಯಲ್ಲಿ ಕುಳಿತು ಚುರುಟು ಸೇದಿದೆ. ಸೇದುವಾಗಲೇ ಸಿಕ್ಕಿಬಿದ್ದೆ. ಈಗ ಹೇಳುವಾಗ ನಗು ಬರುತ್ತದೆ, ಆವತ್ತು ಬಂದಿರಲಿಲ್ಲ.

ನಮ್ಮ ಮನೆ ಉಳ್ಳಾಲದಲ್ಲಿ. ನನ್ನ ಗಂಡ ಮೀನಿನ ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡುತ್ತಾರೆ. ನಾನು ಹದಿಮೂರನೆಯ ವಯಸ್ಸಿನಿಂದ ಬೀಡಿ ಕಟ್ಟಿದವಳು. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಬಿಗಿದು, ಸಂಜೆ ಬೀಡಿ ಬ್ರಾಂಚಿಗೆ ಕೊಟ್ಟು ಬರುವುದು. ಹೀಗೆ ಮೂವತ್ತೈದು ವರ್ಷ. ಹೊಗೆಸೊಪ್ಪಿನ ಹುಡಿ ಮೂಗಿಗೆ, ಗಂಟಲಿಗೆ, ಪಕ್ಕದಲ್ಲಿದ್ದ ತೊಟ್ಟಿಲಿಗೂ ಹಾರುತ್ತಿತ್ತು. ಆದರೆ ಒಂದು ಬೀಡಿಯನ್ನಾದರೂ ಹಚ್ಚಿ ಬಾಯಿಗಿಡಬೇಕೆಂದು ನನಗೆ ಅನಿಸಿದ್ದೇ ಇಲ್ಲ. ಹೋಟೆಲಿನಲ್ಲಿ ಬಡಿಸುವವನಿಗೆ ಹಸಿವಾಗದ ಹಾಗೆ.

ಕಡೆಗಾಲದಲ್ಲಿ ನನ್ನ ಅತ್ತೆ ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದರು. ಮಗ್ಗುಲು ಬದಲಿಸುವುದು, ಮಲಗಿದಲ್ಲೇ ಮೈ ಒರೆಸುವುದು, ನೆತ್ತಿಗೆ ಹತ್ತದ ಹಾಗೆ ಗಂಜಿ ಕುಡಿಸುವುದು ಎಲ್ಲ ಆಗ ಕಲಿತೆ. ಅವರು ತೀರಿಕೊಂಡ ಮೇಲೆ ಬೀಡಿ ಕೆಲಸವೂ ಕಡಿಮೆಯಾಗುತ್ತ ಬಂತು. ಫಳ್ನೀರಿನ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿದ್ದ ನೆರೆಮನೆಯವಳು ಒಂದು ದಿನ ಬಂದು, "ಒಬ್ಬರು ಪೊರ್ಬುಗಳಿಗೆ ಸ್ಟ್ರೋಕ್ ಆಗಿದೆ. ಮಗಳು ಟೀಚರ್. ಹಗಲು ನೋಡಿಕೊಳ್ಳಲಿಕ್ಕೆ ಜನ ಬೇಕಂತೆ. ಹೋಗ್ತೀಯಾ?" ಎಂದಳು. ನಮ್ಮ ಕಡೆ ತುಳು ಮಾತಾಡುವವರು ಕ್ರಿಶ್ಚಿಯನ್ ಹಿರಿಯರನ್ನು ಪೊರ್ಬುಗಳು ಎಂದೇ ಗೌರವದಿಂದ ಕರೆಯುವುದು. ನಾನು ಹೋದೆ.

ಹೆನ್ರಿ ಪೊರ್ಬುಗಳಿಗೆ ಆಗ ಎಪ್ಪತ್ತೆಂಟು. ಮೂವತ್ತು ವರ್ಷ ಸರಕು ಹಡಗುಗಳಲ್ಲಿ ಅಡುಗೆಯವರಾಗಿ ದುಡಿದವರು. ದೊಡ್ಡ ಮೈಕಟ್ಟು. ಸ್ಟ್ರೋಕ್ ಆದ ಮೇಲೆ ಬಲಗೈ, ಬಲಗಾಲು ಎರಡೂ ಹೋಗಿದ್ದವು. ಬಾಯಿ ಒಂದು ಬದಿಗೆ ಜಾರಿತ್ತು. ಮಾತು ಬರುತ್ತಿತ್ತು, ಆದರೆ ಅಗಿದು ಅಗಿದು, ಅರ್ಧ ಶಬ್ದ ಜೊಲ್ಲಿನೊಟ್ಟಿಗೆ ಹೊರಗೆ ಬರುತ್ತಿತ್ತು. ನಾನು ಎರಡು ವಾರದಲ್ಲಿ ಆ ಮಾತಿಗೆ ಕಿವಿ ಹೊಂದಿಸಿಕೊಂಡೆ. ಅವರು ನನ್ನ ಹತ್ತಿರ ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಓದುವವರಿಗಾಗಿ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಬಿಡಿಸಿಯೂ ಬರೆದಿದ್ದೇನೆ.

ಮಗಳು ಲವೀನಾ ಟೀಚರ್ ನನಗಿಂತ ಐದಾರು ವರ್ಷ ಚಿಕ್ಕವರು. ಮದುವೆಯಾಗಿಲ್ಲ. ಒಳ್ಳೆಯ ಹೆಂಗಸು. ಅಪ್ಪನ ಮಾತ್ರೆ, ಬಿ.ಪಿ., ಉಪ್ಪು, ಸಕ್ಕರೆ ಎಲ್ಲದಕ್ಕೂ ಒಂದು ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದರು. ಸಂಜೆ ಶಾಲೆಯಿಂದ ಬಂದ ಕೂಡಲೇ ನನ್ನ ಹತ್ತಿರ ಕೇಳುತ್ತಿದ್ದರು: "ಪಪ್ಪ ಎಂತ ತಿಂದ್ರು? ಮಲಗಿದ್ರಾ? ಹೊಟ್ಟೆ ಸರಿ ಉಂಟಾ?" ಪೊರ್ಬುಗಳು ಪಕ್ಕದಲ್ಲೇ ಗಾಲಿಕುರ್ಚಿಯಲ್ಲಿ ಕುಳಿತಿರುತ್ತಿದ್ದರು. ನಾನೇ ಉತ್ತರ ಕೊಡುತ್ತಿದ್ದೆ. ಅದರಲ್ಲಿ ತಪ್ಪೇನೂ ನನಗೆ ಕಂಡಿರಲಿಲ್ಲ. ಅವರು ಒಂದು ವಾಕ್ಯ ಮುಗಿಸುವಷ್ಟರಲ್ಲಿ ನನ್ನ ಬಸ್ಸು ತಪ್ಪುತ್ತಿತ್ತು.

ಮೊಂತಿ ಹಬ್ಬಕ್ಕೆ ಪೊರ್ಬುಗಳ ತಮ್ಮನ ಮಗ ರೋಶನ್ ದುಬೈಯಿಂದ ಬಂದಿದ್ದ. ಹೊಸ ಅಕ್ಕಿಯ ಊಟವಾಯಿತು, ಫೋಟೋ ತೆಗೆದರು, ಅವನು ಹೋದ. ಮರುವಾರ ಸೋಮವಾರ ನಾನು ಪೊರ್ಬುಗಳನ್ನು ಕುರ್ಚಿಯಿಂದ ಎಬ್ಬಿಸಿ ಕುಶನ್ ಬಿಸಿಲಿಗೆ ಹಾಕಲು ಹೊರಟಾಗ ಅದರ ಕೆಳಗಿಂದ ಒಂದು ಚಪ್ಪಟೆ ಡಬ್ಬಿ ಬಿತ್ತು. ತೆರೆದರೆ ಒಳಗೆ ಬೆರಳು ಗಾತ್ರದ, ಕಂದು ಬಣ್ಣದ ಐದು ಸಣ್ಣ ಚುರುಟುಗಳು.

"ಇದೆಂತ ಪೊರ್ಬುಗಳೇ?"

"ರೋಶನ್ ಕೊಟ್ಟದ್ದು. ಬಾಗಿಲು ಹಾಕು."

ಮಧ್ಯಾಹ್ನ ಬಾಲ್ಕನಿಗೆ ಕರೆದುಕೊಂಡು ಹೋಗು ಎಂದರು. ಎಡಗೈಯಲ್ಲಿ ಒಂದನ್ನು ತೆಗೆದು ಬಾಯಿಗಿಟ್ಟುಕೊಂಡರು. ನಾನು ಬೇಡ ಬೇಡ ಎನ್ನುತ್ತಿದ್ದರೂ ಕೇಳಲಿಲ್ಲ. ಹಚ್ಚಲಿಲ್ಲ, ಬರಿದೇ ಎಳೆದು ನೋಡಿದರು. ತುಟಿ ಕೂಡಬೇಕಲ್ಲ? ಬಲಬದಿಯಲ್ಲಿ ತೆರೆದುಕೊಂಡೇ ಇತ್ತು. ಗಾಳಿ ಅಲ್ಲಿಂದಲೇ ಹೋಗುತ್ತಿತ್ತು. ಎರಡು ಸಲ ನೋಡಿದರು, ಮೂರು ಸಲ ನೋಡಿದರು. ಚುರುಟು ಜೊಲ್ಲಿನಲ್ಲಿ ಒದ್ದೆಯಾಗಿ ಬಿಚ್ಚಿಕೊಂಡು ಮಡಿಲಿಗೆ ಬಿತ್ತು. ಅವರು ಅದನ್ನು ನೋಡುತ್ತ ಕುಳಿತರು. ಇಷ್ಟು ತಿಂಗಳಲ್ಲಿ ಮೂತ್ರದ ಪಾಟು ಹಿಡಿಯುವಾಗಲೂ ಅವರ ಮುಖ ಹಾಗೆ ಆದದ್ದನ್ನು ನಾನು ನೋಡಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: "ಗುಲಾಬಿ, ನೀನು ಎಳಿ. ನನಗೆ ವಾಸನೆ ಸಾಕು."

"ಎಂತ ಹೇಳ್ತೀರಿ ನೀವು? ನಾನು ಹೆಂಗಸು."

"ಹೆಂಗಸಿನ ಹೊಗೆ ಬೇರೆ ಉಂಟಾ?"

ನಾನು ಒಪ್ಪಲಿಲ್ಲ. ಟೀಚರಿಗೆ ಗೊತ್ತಾದರೆ ಕೆಲಸ ಹೋಗುತ್ತದೆ ಎಂದೆ. ನಿಮ್ಮ ಆರೋಗ್ಯಕ್ಕೂ ಒಳ್ಳೆಯದಲ್ಲ ಎಂದೆ. ಅವರು ಒತ್ತಾಯಿಸಲಿಲ್ಲ. ಆದರೆ ಮರುದಿನ ಗಂಜಿ ಎರಡು ಚಮಚ ತಿಂದು ಮುಖ ತಿರುಗಿಸಿದರು. ಅದರ ಮರುದಿನವೂ ಹಾಗೆಯೇ. ಹಟ ಎನ್ನುವಂತಿರಲಿಲ್ಲ, ಬೇಸರ. ಕಿಟಕಿಯ ಹತ್ತಿರ ಕುಳಿತು, ಸರಕಾರಿ ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಯಾವ ಯಾವ ಊರಿನ ಬಸ್ಸು ಹೊರಡುತ್ತದೆಂದು ಕೂಗುವುದನ್ನೇ ಕೇಳುತ್ತಿದ್ದರು.

ಗುರುವಾರ ಮಧ್ಯಾಹ್ನ ಮೂರೂವರೆಗೆ ನಾನೇ ಹೋಗಿ ಕೇಳಿದೆ: "ಒಂದೇ. ಒಂದು ಸಲ ಮಾತ್ರ. ಮತ್ತೆ ಕೇಳಬಾರದು. ಆಗ್ತದಾ?"

ಅವರು ತಲೆಯಾಡಿಸಿದರು. ಅಲ್ತಾರಿನಲ್ಲಿ, ಅಂದರೆ ಅವರ ದೇವರ ಪೀಠದಲ್ಲಿ, ಮೊಂಬತ್ತಿಯ ಹತ್ತಿರ ಇದ್ದ ಬೆಂಕಿಪೆಟ್ಟಿಗೆ ತೆಗೆದುಕೊಂಡೆ. ತೆಗೆಯುವಾಗ ಮಾತೆ ಮೇರಿಯ ಕಡೆ ನೋಡಲಿಲ್ಲ. ಬಾಲ್ಕನಿಗೆ ಅವರ ಕುರ್ಚಿ ತಳ್ಳಿ, ನಾನು ಮಣೆಯ ಮೇಲೆ ಕುಳಿತು, ಎದುರಿನ ಬಿಲ್ಡಿಂಗಿಗೆ ಕಾಣದ ಹಾಗೆ ಒಣಹಾಕಿದ್ದ ಬೆಡ್‌ಶೀಟನ್ನು ಮುಂದಕ್ಕೆ ಎಳೆದುಕೊಂಡೆ.

ಬಾಯಿಗಿಟ್ಟ ಕೂಡಲೇ ಆಶ್ಚರ್ಯವಾಯಿತು. ಸಿಹಿ. ತುಟಿಗೆ ತಾಗುವ ತುದಿಗೆ ಏನೋ ಸಿಹಿ ಸವರಿದ್ದರು; ಮಕ್ಕಳ ಕೆಮ್ಮಿನ ಔಷಧಿಯ ಸಿಹಿಯ ಹಾಗೆ. ಮೂವತ್ತೈದು ವರ್ಷ ಹೊಗೆಸೊಪ್ಪಿನೊಟ್ಟಿಗೆ ಬದುಕಿದವಳಿಗೆ ಅದು ಸಿಹಿಯಾಗಿರಬಹುದು ಎಂಬುದೇ ಗೊತ್ತಿರಲಿಲ್ಲ. ಕಡ್ಡಿ ಗೀರಿ ಹಚ್ಚಿ ಎಳೆದೆ. ಹೊಗೆ ನೇರ ಎದೆಗೆ ಹೋಯಿತು. ಕಣ್ಣಲ್ಲಿ ನೀರು ಬರುವ ತನಕ ಕೆಮ್ಮಿದೆ.

"ನುಂಗಬೇಡ ಮಾರಾಯ್ತಿ," ಎಂದರು ಪೊರ್ಬುಗಳು. "ಇದು ಸಿಗರೇಟ್ ಅಲ್ಲ. ಬಾಯಲ್ಲಿ ಇಟ್ಟುಕೋ. ರುಚಿ ನೋಡು. ಬಿಡು. ನಿಧಾನ. ಬಸ್ಸು ಹಿಡೀಲಿಕ್ಕಿಲ್ಲ ನಿನಗೆ."

ಮಗುವಿಗೆ ಹೇಳಿಕೊಡುವ ಹಾಗೆ ಹೇಳಿಕೊಟ್ಟರು. ಎರಡನೆಯ ಸಲ ಸ್ವಲ್ಪವೇ ಎಳೆದು, ಬಾಯಲ್ಲಿಟ್ಟು, ಅವರ ಮುಖದ ಪಕ್ಕಕ್ಕೆ ಬಿಟ್ಟೆ. ಕಹಿ ಇತ್ತು, ಆದರೆ ಬೀಡಿಯ ಕಟು ಇಲ್ಲ. ವಾಸನೆ ಬೇಕರಿಯ ಬಾಗಿಲಲ್ಲಿ ನಿಂತ ಹಾಗೆ. ಪೊರ್ಬುಗಳು ಕಣ್ಣು ಮುಚ್ಚಿದರು, ಮೂಗು ಮೇಲೆತ್ತಿದರು. ಮತ್ತೆ ಮಾತಾಡಲು ಶುರು ಮಾಡಿದರು.

ಹಡಗಿನಲ್ಲಿ ಮಧ್ಯಾಹ್ನದ ಊಟ ಬಡಿಸಿ ಪಾತ್ರೆ ತೊಳೆದಾದ ಮೇಲೆ ಅವರಿಗೆ ಅರ್ಧ ಗಂಟೆ ಬಿಡುವಂತೆ. ಹಿಂಬದಿಯ ಡೆಕ್ಕಿನಲ್ಲಿ ಒಂದು ಕಬ್ಬಿಣದ ಪೆಟ್ಟಿಗೆಯ ಮೇಲೆ ಕುಳಿತು ದಿನಕ್ಕೆ ಒಂದು ಸಿಗಾರ್. ಯಾವುದೋ ಬಂದರಿನಲ್ಲಿ ಒಬ್ಬ ಗ್ರೀಕ್ ಎಂಜಿನಿಯರ್ ಅಭ್ಯಾಸ ಮಾಡಿಸಿದ್ದು. "ಆ ಅರ್ಧ ಗಂಟೆ ಯಾರಿಗೂ ನನ್ನ ಹತ್ತಿರ ಎಂತದೂ ಕೇಳಲಿಕ್ಕೆ ಇರಲಿಲ್ಲ. ಉಪ್ಪು ಹೆಚ್ಚಾ, ಅನ್ನ ಬೆಂದಿದೆಯಾ, ಎಂತದೂ ಇಲ್ಲ. ನನ್ನದೇ ಸಮಯ," ಎಂದರು. ಒಂದು ಸಲ ಬಿರುಗಾಳಿಗೆ ಸಾಂಬಾರಿನ ಹಂಡೆ ಮಗುಚಿ ಕಾಲು ಸುಟ್ಟದ್ದು, ಪೋರ್ಚುಗೀಸ್ ಕ್ಯಾಪ್ಟನ್ ಒಬ್ಬ ಅವರ ಕೋರಿರೊಟ್ಟಿಯ ಕೋಳಿಸಾರಿಗೆ ಮನಸೋತದ್ದು. ಇಷ್ಟು ಮಾತನ್ನು ಅವರು ಒಟ್ಟಿಗೆ ಆಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ತೊದಲುತ್ತಿದ್ದರು, ಆದರೆ ನಿಲ್ಲಿಸುತ್ತಿರಲಿಲ್ಲ. ನನ್ನ ತಲೆ ಸಣ್ಣಗೆ ತಿರುಗುತ್ತಿತ್ತು. ಗೋಡೆಗೆ ಒರಗಿ ಕುಳಿತು, ಅವರು ಮಾತು ನಿಲ್ಲಿಸದಿರಲಿ ಎಂದು ಮತ್ತೆರಡು ಸಲ ಎಳೆದೆ.

ಟೀಚರ್ ಒಳಗೆ ಬಂದದ್ದು ನಮಗೆ ಇಬ್ಬರಿಗೂ ಕೇಳಲಿಲ್ಲ. ಶಾಲೆಯಲ್ಲಿ ಏನೋ ಕಾರ್ಯಕ್ರಮವಿತ್ತಂತೆ, ಬೇಗ ಬಿಟ್ಟಿದ್ದರು. ನಾನು ತಲೆಯೆತ್ತಿದಾಗ ಬಾಲ್ಕನಿಯ ಬಾಗಿಲಲ್ಲಿ ನಿಂತಿದ್ದರು. ನನ್ನ ಬೆರಳುಗಳ ನಡುವೆ ಚುರುಟು. ಮೂಗಿನಿಂದ ಹೊಗೆ.

"ಗುಲಾಬಿಯಕ್ಕ," ಎಂದರು. ಧ್ವನಿ ಏರಿರಲಿಲ್ಲ. "ಇದು ಎಂತ?"

ಪೊರ್ಬುಗಳು "ನ... ನ..." ಎಂದು ಶುರು ಮಾಡಿದರು. ಗಾಬರಿಯಾದರೆ ಅವರಿಗೆ ಮಾತು ಪೂರ್ತಿ ಕಟ್ಟುತ್ತಿತ್ತು. ಎಡಗೈ ಆಡಿಸಿದರು. ಮುಖ ಕೆಂಪಾಯಿತು. ಅದನ್ನು ನೋಡಿ ನನಗೆ ಹೆದರಿಕೆಯಾಯಿತು. ಇನ್ನು ಇವರು ಕಷ್ಟಪಟ್ಟು ಹೇಳುವುದು, ಟೀಚರ್ ಬೈಯುವುದು, ಇವರ ಬಿ.ಪಿ. ಏರುವುದು. ಎಪ್ಪತ್ತೆಂಟು ವರ್ಷದವರು ನನ್ನ ಎದುರಲ್ಲಿ ಮಗಳ ಹತ್ತಿರ ಬೈಸಿಕೊಳ್ಳುವುದನ್ನು ನೋಡಲಿಕ್ಕೂ ನನಗೆ ಮನಸ್ಸಿರಲಿಲ್ಲ. ಆದದ್ದಾಗಲಿ ಎಂದು ಹೇಳಿಬಿಟ್ಟೆ.

"ನನ್ನದು ಟೀಚರ್. ತಪ್ಪಾಯ್ತು."

"ನಿಮ್ಮದಾ?"

"ಹೌದು. ನನಗೆ ಅಭ್ಯಾಸ ಉಂಟು. ಬೀಡಿ ಕಟ್ಟುತ್ತಿದ್ದವಳಲ್ಲ."

ಅಷ್ಟು ಸುಳ್ಳನ್ನು ಅಷ್ಟು ಬೇಗ ಹೇಳಲು ನನಗೆ ಬರುತ್ತದೆಂದು ಗೊತ್ತಿರಲಿಲ್ಲ. ಟೀಚರ್ ಅಪ್ಪನ ಕುರ್ಚಿಯನ್ನು ನನ್ನಿಂದ ದೂರ ಎಳೆದುಕೊಂಡರು. "ಸ್ಟ್ರೋಕ್ ಆದವರ ಮುಖಕ್ಕೆ ಹೊಗೆ ಬಿಡಲಿಕ್ಕೆ ನಿಮ್ಮನ್ನು ಇಟ್ಟದ್ದಾ ನಾನು? ನಾಳೆಯಿಂದ ಬರುವುದು ಬೇಡ," ಎಂದರು. ಪೊರ್ಬುಗಳು ಕುರ್ಚಿಯ ಕೈಗೆ ಹೊಡೆಯುತ್ತಿದ್ದರು. ಟೀಚರ್ ಅವರ ಬೆನ್ನು ಸವರಿ, "ಏನಿಲ್ಲ ಪಪ್ಪ, ಅವರು ಹೋಗ್ತಾರೆ, ಏನಿಲ್ಲ," ಎಂದು ಸಮಾಧಾನ ಮಾಡಿದರು. ನಾನು ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಚೀಲ ತೆಗೆದುಕೊಂಡು ಇಳಿದೆ.

ಬಸ್ಸಿನಲ್ಲಿ ಪಕ್ಕ ಕುಳಿತ ಹುಡುಗಿ ಎರಡು ಸಲ ನನ್ನ ಕಡೆ ನೋಡಿ, ಮೂರನೆಯ ಸಲ ಎದ್ದು ಬೇರೆ ಸೀಟಿಗೆ ಹೋದಳು. ನೇತ್ರಾವತಿ ಸೇತುವೆ ಬರುವ ತನಕ ನಾನು ಸೆರಗು ಬಾಯಿಗೆ ಅಡ್ಡ ಹಿಡಿದಿದ್ದೆ. ತುಟಿ ಮಾತ್ರ ಇನ್ನೂ ಸಿಹಿ.

ಗಂಡನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಮೊದಲು ನಂಬಲಿಲ್ಲ. ಆಮೇಲೆ ಡಬ್ಬಿ ತೆರೆದು ಮೂಸಿ, "ಇದು ಚಾಕಲೇಟಿನ ವಾಸನೆಯಲ್ಲ?" ಎಂದು ನಕ್ಕರು. ನಾನು ನಗದಿದ್ದುದನ್ನು ನೋಡಿ ಡಬ್ಬಿ ಮುಚ್ಚಿ, "ಸುಳ್ಳು ಹೇಳಬಾರದಿತ್ತು ನೀನು. ಅದು ಅವರ ಮನೆಯ ವಿಷಯ," ಎಂದರು. ನನಗೆ ಸಿಟ್ಟು ಬಂತು. ಒಳ್ಳೆಯದು ಮಾಡಲು ಹೋಗಿ ಕೆಲಸ ಕಳಕೊಂಡವಳಿಗೆ ಮನೆಯಲ್ಲೂ ಇದೇ ಮಾತಾ ಎಂದುಕೊಂಡೆ.

ಭಾನುವಾರ ಮಧ್ಯಾಹ್ನ ನಮ್ಮ ಅಂಗಳಕ್ಕೆ ರಿಕ್ಷಾ ಬಂತು. ಇಳಿದವರು ಲವೀನಾ ಟೀಚರ್. ಅವರು ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಜಗಲಿಯಲ್ಲಿ ಕುರ್ಚಿ ಹಾಕಿ ಎಳನೀರಿನ ಬೊಂಡ ಕೆತ್ತಿ ಕೊಟ್ಟೆ. ಕುಡಿಯಲಿಲ್ಲ, ಕೈಯಲ್ಲಿ ಹಿಡಿದು ಕುಳಿತರು.

"ಸುಳ್ಳು ಯಾಕೆ ಹೇಳಿದ್ರಿ ಗುಲಾಬಿಯಕ್ಕ?"

ಮುಂದೆ ನಡೆದದ್ದನ್ನು ಅವರೇ ಹೇಳಿದರು. ನಾನು ಹೋದ ಮೇಲೆ ಪೊರ್ಬುಗಳು ಊಟದ ಬಟ್ಟಲನ್ನು ತಳ್ಳಿಬಿಟ್ಟಿದ್ದರು. "ನನ್ನದು, ನನ್ನದು" ಎನ್ನುತ್ತಿದ್ದರಂತೆ. ನನ್ನನ್ನು ಬಚಾವು ಮಾಡಲು ಹೇಳುತ್ತಿದ್ದಾರೆ ಎಂದುಕೊಂಡು ಟೀಚರ್ ಕಿವಿಗೆ ಹಾಕಿಕೊಳ್ಳಲಿಲ್ಲ. ಶುಕ್ರವಾರವೂ ಅದೇ. ಶನಿವಾರ ಬೆಳಿಗ್ಗೆ ಎಡಗೈಯಲ್ಲಿ ಮಗಳ ಫೋನ್ ಕಸಿದುಕೊಂಡು "ರೋಶನ್, ರೋಶನ್" ಎಂದರಂತೆ. ಟೀಚರ್ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ಪೊರ್ಬುಗಳು ಒಂದೊಂದೇ ಶಬ್ದ ಹೆಕ್ಕಿ ಅವನಿಗೆ ಹೇಳಿದರು: "ಲವೀನನಿಗೆ ಹೇಳು. ಸಿಗಾರ್ ಯಾರದ್ದು ಹೇಳು." ಅವನು ದುಬೈಯಲ್ಲಿ ಕುಳಿತು ಎಲ್ಲ ಒಪ್ಪಿಕೊಂಡ.

"ಆಮೇಲೆ ನನಗೂ ಪಪ್ಪನಿಗೂ ದೊಡ್ಡ ಜಗಳ ಆಯ್ತು," ಎಂದರು ಟೀಚರ್. "ಸತ್ತುಹೋಗ್ತೀರಿ ಅಂದೆ. ನನ್ನ ಜೀವ, ನೀನು ಯಾರು ಕೇಳಲಿಕ್ಕೆ ಅಂದ್ರು. ಸ್ಟ್ರೋಕ್ ಆದ ಮೇಲೆ ನನ್ನ ಹತ್ರ ಅವರು ಜಗಳ ಮಾಡಿದ್ದೇ ಇಲ್ಲ ಗುಲಾಬಿಯಕ್ಕ. ಮೊದಲು ನಾವು ದಿನಾ ಜಗಳ ಮಾಡ್ತಿದ್ದೆವು. ಮೀನಿಗೆ ಹುಳಿ ಜಾಸ್ತಿ ಅಂತ, ಟಿ.ವಿ. ಜೋರು ಅಂತ." ಅವರ ಕಣ್ಣು ತುಂಬಿತ್ತು, ಆದರೆ ಅಳುತ್ತಿದ್ದಾರೆಂದು ಹೇಳುವಂತಿರಲಿಲ್ಲ.

ಆಮೇಲೆ ಬೊಂಡ ಕುಡಿದು, ಟೀಚರ ಹಾಗೆಯೇ ಹೇಳಿದರು: "ಆದ್ರೂ ನೀವು ಮಾಡಿದ್ದು ತಪ್ಪು. ಡಾಕ್ಟರ್ ಹತ್ರ ಕೇಳಿದೆ. ಹತ್ತಿರ ಕೂತು ಹೊಗೆ ತಕೊಂಡ್ರೂ ಒಳ್ಳೆಯದಲ್ಲ ಅಂದ್ರು."

"ತಪ್ಪೇ ಟೀಚರ್."

"ನಾಳೆ ಬನ್ನಿ. ಆ ಡಬ್ಬಿಯನ್ನೂ ತನ್ನಿ."

ಸೋಮವಾರ ನಾನು ಹೋದಾಗ ಪೊರ್ಬುಗಳು ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಅವರು ಗೋಡೆಯ ಕಡೆ ಮುಖ ಮಾಡಿದರು. ಮೈ ಒರೆಸಿದೆ, ಬಟ್ಟೆ ಬದಲಿಸಿದೆ, ಅವರು ಈಚೆ ತಿರುಗಲಿಲ್ಲ. ಮಧ್ಯಾಹ್ನ ಗಂಜಿಯ ಚಮಚ ಬಾಯಿಯ ಹತ್ತಿರ ಹಿಡಿದಾಗ ನನ್ನ ಕೈಯನ್ನು ತಡೆದು ಕೇಳಿದರು:

"ನನ್ನದನ್ನು ನಿನ್ನದು ಅಂತ ಯಾಕೆ ಹೇಳಿದೆ?"

"ನಿಮಗೆ ಬೈಗಳು ಬೇಡ ಅಂತ."

"ಬೈಗಳು ತಿನ್ನಲಿಕ್ಕೆ ನನಗೆ ಆಗುವುದಿಲ್ಲವಾ? ಕೈಕಾಲು ಹೋಗಿದೆ. ಅದೂ ಹೋಗಿದೆಯಾ?" ಜೊಲ್ಲು ಒರೆಸಲು ಹೋದೆ, ಬಿಡಲಿಲ್ಲ. "ನಾನು ಹೇಳಲಿಕ್ಕೆ ಶುರು ಮಾಡಿದ್ದೆ. ನೀನು ಕಾಯಲಿಲ್ಲ."

ಚಮಚ ಕೆಳಗಿಟ್ಟು, "ತಪ್ಪಾಯ್ತು ಪೊರ್ಬುಗಳೇ," ಎಂದೆ. ಟೀಚರ ಹತ್ತಿರ ಎರಡು ಸಲ ಹೇಳಿದ ಮಾತೇ. ಆದರೆ ಮನಸ್ಸಿನಿಂದ ಬಂದದ್ದು ಈ ಸಲ. ಅವರು ಸ್ವಲ್ಪ ಹೊತ್ತು ನನ್ನನ್ನು ನೋಡಿ ಬಾಯಿ ತೆರೆದರು. ಗಂಜಿ ಪೂರ್ತಿ ಉಂಡರು.

ಉಳಿದ ಮೂರು ಚುರುಟು ಟೀಚರ ಕಪಾಟಿನಲ್ಲಿ ಬೀಗದೊಳಗೆ ಇವೆ. ಬಿಸಾಡಲಿಲ್ಲ. ತುಟಿಯ ವ್ಯಾಯಾಮಕ್ಕೆ ಸ್ಟ್ರಾದಲ್ಲಿ ನೀರು ಎಳೆಯಬೇಕೆಂದು ಥೆರಪಿಯವರು ತಿಂಗಳುಗಟ್ಟಲೆ ಹೇಳಿದ್ದರೂ ಪೊರ್ಬುಗಳು ಕೇಳಿರಲಿಲ್ಲ. ಆ ವಾರದಿಂದ ಯಾರೂ ಹೇಳದೆ ಶುರು ಮಾಡಿದರು. ಯಾಕೆಂದು ಟೀಚರಿಗೂ ಗೊತ್ತು, ನನಗೂ ಗೊತ್ತು. ಕ್ರಿಸ್ಮಸ್ ಬರುವಾಗ ಮಜ್ಜಿಗೆ ಎಳೆಯುತ್ತಿದ್ದರು. ಅದುವರೆಗೆ ಗುಲಾಯಿ ಎಂದು ಕೇಳಿಸುತ್ತಿದ್ದ ನನ್ನ ಹೆಸರಿಗೂ ಒಂದು ದಿನ 'ಬಿ' ಬಂತು. ಈಗಲೂ ಭಾನುವಾರ ಮಗಳ ಹತ್ತಿರ ಒಂದು ಸಿಗಾರ್ ಕೇಳುತ್ತಾರೆ. ಅವರು ಇಲ್ಲ ಎನ್ನುತ್ತಾರೆ. ಕೊಂಕಣಿಯಲ್ಲಿ ಜೋರು ಮಾತಾಗುತ್ತದೆ. ಸೋಮವಾರ ನನ್ನ ಹತ್ತಿರ ಇಬ್ಬರೂ ಬೇರೆ ಬೇರೆಯಾಗಿ ದೂರು ಹೇಳುತ್ತಾರೆ. ನಾನು ಯಾರ ಕಡೆಗೂ ಸೇರುವುದಿಲ್ಲ.

ನಾನು ಮತ್ತೆ ಸೇದಿಲ್ಲ, ಸೇದುವ ಆಸೆಯೂ ಆಗಿಲ್ಲ. ಆ ದಿನ ನೆನಪಾದರೆ ಸಿಕ್ಕಿಬಿದ್ದ ನಾಚಿಕೆಗಿಂತ ಹೆಚ್ಚು ಕಾಡುವುದು ಪೊರ್ಬುಗಳು "ನ... ನ..." ಎಂದು ಶುರು ಮಾಡಿದ್ದು, ನಾನು ನಡುವೆ ಬಾಯಿ ಹಾಕಿದ್ದು. ಅತ್ತೆಯ ಹತ್ತಿರವೂ ನಾಲ್ಕು ವರ್ಷ ಹಾಗೆಯೇ ಮಾಡಿರಬೇಕು. ಬಂದವರೆಲ್ಲ ನನ್ನನ್ನು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಅತ್ತೆಗೆ ಹೇಳಲಿಕ್ಕೆ ಎಂತ ಇತ್ತೋ ಈಗ ಗೊತ್ತಾಗುವ ಹಾಗಿಲ್ಲ.

ತಿಂಗಳಿಗೊಮ್ಮೆ ಪೊರ್ಬುಗಳನ್ನು ಫಳ್ನೀರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇವೆ. ಡಾಕ್ಟರು ಕಾಗದ ನೋಡುತ್ತ, "ಹೇಗಿದ್ದಾರೆ? ಊಟ, ನಿದ್ರೆ ಎಲ್ಲ ಸರಿ ಉಂಟಾ?" ಎಂದು ನನ್ನನ್ನು ಕೇಳುತ್ತಾರೆ. "ಅವರ ಹತ್ತಿರವೇ ಕೇಳಿ ಡಾಕ್ಟ್ರೇ," ಎನ್ನುತ್ತೇನೆ. ಸ್ವಲ್ಪ ಹೊತ್ತು ಬೇಕಾಗುತ್ತದೆ. ಹೊರಗೆ ಬೇರೆ ಪೇಶೆಂಟುಗಳೂ ಇರುತ್ತಾರೆ. ಆದರೂ ಟೀಚರ್, ಡಾಕ್ಟರ್, ನಾನು ಮೂವರೂ ಸುಮ್ಮನೆ ಕಾಯುತ್ತೇವೆ.